ಹುಣಸೆ ಗೋಡೌನಿನ ಕೂಗಮ್ಮ

ಕಲ್ಯಾಣದುರ್ಗದ ಕರಿಬಸಮ್ಮನನ್ನು ಹಿಂದೂಪುರಕ್ಕೆ ಕೊಡುವಾಗ ಗಂಡಿಗೆ ಅಂಗಡಿ ಇದೆ ಎಂದಷ್ಟೇ ಹೇಳಿದ್ದರು. ಬೆಲ್ಲದ ಅಂಗಡಿಯೋ ಬಟ್ಟೆ ಅಂಗಡಿಯೋ ಇರಬೇಕು ಎಂದುಕೊಂಡು ತವರಿನವರು ಒಪ್ಪಿದರು. ಮದುವೆಯಾದ ಮೇಲೆ ಬಂದು ನೋಡಿದರೆ ಮೈಕ್‌ಸೆಟ್ ಅಂಗಡಿ! ಗೋಡೆ ತುಂಬ ತಗಡಿನ ಹಾರನ್ನುಗಳು, ಮೂಲೆಯಲ್ಲಿ ಸುತ್ತಿಟ್ಟ ವೈರು, ಮರದ ಪೆಟ್ಟಿಗೆಯಲ್ಲಿ ಸಾಲಾಗಿ ನಿಲ್ಲಿಸಿದ ಹಾಡಿನ ಪ್ಲೇಟುಗಳು.

"ಕಂಡೋರ ಮದ್ವೇಲಿ ಹಾಡು ಹಾಕೋನ್ಗೆ ಮಗಳ್ನ ಕೊಟ್ಬುಟ್ವಲ್ಲಪ್ಪ" ಎಂದು ಅವಳ ತಾಯಿ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಕರಿಬಸಮ್ಮನಿಗೆ ಮಾತ್ರ ಒಳಗೊಳಗೇ ಖುಷಿ. ಬೆಲ್ಲದ ಅಂಗಡಿಯಾಗಿದ್ದರೆ ಇರುವೆ ಓಡಿಸಿಕೊಂಡು ಕೂರಬೇಕಿತ್ತು. ಇಲ್ಲಿ ಅಂಗಡಿಯ ಹಿಂದೆಯೇ ಮನೆ, ಒಲೆ ಮುಂದೆ ಕೂತರೂ ಹಾಡು ಕೇಳುತ್ತಿತ್ತು.

ಗಂಡ ತಿಪ್ಪೇರುದ್ರಪ್ಪ ಮಾತು ಕಡಿಮೆಯ ಮನುಷ್ಯ. ಎಪ್ಪತ್ತೊಂಬತ್ತರಲ್ಲಿ ಒಂದು ಸಲ ಬೆಂಗಳೂರಿನ ಹಳೇ ಸಾಮಾನಿನ ಬೀದಿಯಿಂದ ಸಿನಿಮಾ ಪ್ಲೇಟುಗಳ ಕಟ್ಟೊಂದನ್ನು ತಂದ. ಕಟ್ಟಿನ ಅಡಿಯಲ್ಲಿ ಹೊದಿಕೆಯಿಲ್ಲದ ಒಂದು ದೊಡ್ಡ ಪ್ಲೇಟು ಇತ್ತು. ಕಂಟೋನ್ಮೆಂಟ್ ಕಡೆಯ ಯಾವುದೋ ಹೋಟೆಲಿನಲ್ಲಿ ಡ್ಯಾನ್ಸು ಮಾಡುವ ರೂಮು ಮುಚ್ಚಿದರಂತೆ, ಅಲ್ಲಿಯದು ಎಂದು ಮಾರುವವನು ಸುಮ್ಮನೆ ಸೇರಿಸಿ ಕೊಟ್ಟಿದ್ದ. ಪ್ಲೇಟಿನ ನಡುವಿನ ಕಾಗದಕ್ಕೆ ಯಾರೋ ಕಪ್ಪು ಶಾಯಿ ಬಳಿದಿದ್ದರು. ಹಾಡಿನ ಹೆಸರೂ ಇಲ್ಲ, ಹಾಡಿದವಳ ಹೆಸರೂ ಇಲ್ಲ.

ತಿಪ್ಪೇರುದ್ರಪ್ಪ ಅದನ್ನು ತಿರುಗಿಸಿ ತಿರುಗಿಸಿ ನೋಡಿ ನಕ್ಕ. "ಆ ಹೋಟ್ಲಲ್ಲಿ ಹಾಡು ಹಾಕೋನೂ ನಮ್ ಕಸುಬ್ನೋನೇ ಕಣೆ. ಇದು ಯಾವ್ ಹಾಡು ಅಂತ ಇನ್ನೊಬ್ರಿಗೆ ಗೊತ್ತಾದ್ರೆ ಅವ್ರೂ ತಂದ್ಬುಡ್ತಾರೆ ಅಂತ ಹೆಸ್ರೇ ಅಳಿಸವ್ನೆ."

ಮಿಷನ್ನಿಗೆ ಹಾಕಿ ಮುಳ್ಳು ಇಟ್ಟಾಗ ಕೋಣ ನರಳಿದ ಹಾಗೆ ಗಂಡಸಿನ ದನಿ ಬಂತು. ಒಳಗೆ ಸೊಪ್ಪು ಬಿಡಿಸುತ್ತಿದ್ದ ಕರಿಬಸಮ್ಮ, "ಇಗಳಿ, ಅವ್ನಿಗ್ಯಾಕೋ ಚಳಿಜ್ವರ ಬಂದಂಗೈತೆ. ಒಸಿ ಜೋರಾಗಿ ತಿರುಗ್ಸಿ ನೋಡಿ" ಎಂದಳು. ಅವನು ವೇಗದ ಕೀಲಿ ಸರಿಸಿದ. ಕೋಣ ಹೋಗಿ ಹೆಂಗಸು ಬಂದಳು.

ಮೊದಲು ಏಟು. ಪವರ್‌ಲೂಮಿನಲ್ಲಿ ಲಾಳಿ ಅತ್ತಿಂದಿತ್ತ ಬಡಿಯುತ್ತದಲ್ಲ, ಅಂಥ ಒಂದೇ ಸಮನಾದ, ಎಲ್ಲೂ ತಪ್ಪದ ಏಟು. ಅದರ ಕೆಳಗೆ ದಪ್ಪ ತಂತಿಯ ದನಿಯೊಂದು ಹೊಟ್ಟೆಯೊಳಗೆ ನಡೆದಾಡುತ್ತಿತ್ತು. ಪಿಟೀಲುಗಳು ಗುಂಪುಗುಂಪಾಗಿ ಮೇಲೇಳುತ್ತಿದ್ದವು. ಇವೆಲ್ಲದರ ನೆತ್ತಿಯ ಮೇಲೆ ಆ ಹೆಂಗಸಿನ ಕೂಗು. ಇಂಗ್ಲಿಷ್ ಇರಬೇಕು, ಮಾತು ಯಾರಿಗೂ ತಿಳಿಯದು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ಅದೂ ತಿಳಿಯದು. ಹಾಡಿನ ನಡುವೆ ಒಂದು ಕಡೆ ಎಲ್ಲ ನಿಂತು ಏಟು ಮಾತ್ರ ಉಳಿಯುತ್ತಿತ್ತು. ಆಮೇಲೆ ಅವಳು ಮತ್ತೆ ಕೂಗಿಕೊಂಡು ಬಂದರೆ, ಸಂತೆಯಲ್ಲಿ ತಪ್ಪಿಸಿಕೊಂಡ ಮಗು ಸಿಕ್ಕಿದ ಹಾಗೆ ಆಗುತ್ತಿತ್ತು. ಕರಿಬಸಮ್ಮ ಸೊಪ್ಪು ಬಿಟ್ಟು ಎದ್ದು ಬಂದು ಬಾಗಿಲಿಗೆ ಒರಗಿ ನಿಂತಳು.

ಸೋಮಂದೇಪಲ್ಲಿಯ ಒಂದು ಮದುವೆ ಮೆರವಣಿಗೆಯಲ್ಲಿ ಅದನ್ನು ಮೊದಲ ಸಲ ಹಾಕಿದಾಗ ಹಿರಿಯರು ಕಿವಿ ಮುಚ್ಚಿಕೊಂಡರು. "ಯಾರಮ್ಮ ಇವ್ಳು, ಮನೆ ಬೆಂಕಿ ಬಿದ್ದಂಗೆ ಕೂಗ್ತಾಳೆ?" ಎಂದು ಮುದುಕಿಯೊಬ್ಬಳು ಕೇಳಿದ್ದೇ ತಡ, ಹಾಡಿಗೆ ಕೂಗಮ್ಮ ಎಂದು ಹೆಸರಾಯಿತು. ಆದರೆ ಮಗ್ಗದ ಕೆಲಸಗಾರರು ಕುಣಿದ ಕುಣಿತ! ಹಗಲೆಲ್ಲ ಅದೇ ಏಟಿನ ಮುಂದೆ ನಿಂತು ಕೆಲಸ ಮಾಡುವ ಕಾಲುಗಳು. ಏಟು ಎಲ್ಲಿ ಬೀಳುತ್ತದೆ ಎಂದು ಅವಕ್ಕೆ ಹೇಳಿಕೊಡಬೇಕಾಗಿರಲಿಲ್ಲ. ಅವರಲ್ಲಿ ಕದಿರಣ್ಣ ಎಂಬವನು ಗರಗರ ತಿರುಗಿ, ನೆಲಕ್ಕೆ ಕೈಯೂರಿ, ಮತ್ತೆ ಎದ್ದು ಏಟಿಗೆ ಸರಿಯಾಗಿ ನಿಲ್ಲುತ್ತಿದ್ದ.

ಮೆರವಣಿಗೆಗಳಲ್ಲಿ ಹಿರಿಯರು ಕೂಗಮ್ಮನನ್ನು ಬೇಡವೆಂದಾಗ ಕದಿರಣ್ಣನೇ ದಾರಿ ಹುಡುಕಿದ. ಆಯುಧಪೂಜೆಗೆ ನಿಂತ ಮಗ್ಗ ಮಾರನೆಯ ದಿನ ವಿಜಯದಶಮಿಗೂ ಓಡುವುದಿಲ್ಲ. ಆ ಹೊತ್ತಿಗೆ ವರ್ತಕ ಅಮರೇಶಪ್ಪನ ಹುಣಸೆಹಣ್ಣಿನ ಗೋಡೌನು ಖಾಲಿ ಇರುತ್ತದೆ. ಅಲ್ಲೇ ಮಧ್ಯಾಹ್ನ ಬಾಗಿಲು ಮುಚ್ಚಿಕೊಂಡು ಕುಣಿಯುವುದೆಂದಾಯಿತು. ನೆಲವೆಲ್ಲ ಹುಣಸೆ ಅಂಟು, ಕಾಲು ಕಿತ್ತರೆ ಪಚಕ್ ಪಚಕ್. ಅದಕ್ಕೆ ಮನೆಮನೆಯಿಂದ ಒಲೆಯ ಬೂದಿ ತಂದು ಜರಡಿ ಹಿಡಿದು ಚೆಲ್ಲಿದರು. ಆಗ ಕಾಲು ಜಾರುವುದೇನು, ತಿರುಗುವುದೇನು! ಹುಳಿ ವಾಸನೆ, ಬೂದಿಯ ಮೋಡ, ನಡುವೆ ಕೂಗಮ್ಮ. ಹಾಡು ಮುಗಿದರೆ "ಇಂಕೋಸಾರಿ! ಇನ್ನೊಂದ್ಸಲ!" ಎಂದು ಚಾವಣಿ ಹಾರುವಂತೆ ಕಿರುಚುತ್ತಿದ್ದರು. ತಿಪ್ಪೇರುದ್ರಪ್ಪ ಮತ್ತೆ ಮುಳ್ಳು ಇಡುತ್ತಿದ್ದ. ಮಿಷನ್ನಿನ ಪಕ್ಕ ನಿಂತ ಕರಿಬಸಮ್ಮನ ಕಾಲುಂಗುರಗಳೂ ಸೀರೆ ನೆರಿಗೆಯ ಕೆಳಗೆ ತಾಳ ಹಾಕುತ್ತಿದ್ದವು.

ವರ್ಷ ವರ್ಷ ಹೀಗೇ ನಡೆಯಿತು. ಕುಣಿಯುತ್ತಿದ್ದವರಿಗೆ ಮದುವೆಯಾಯಿತು, ಮಕ್ಕಳಾದವು, ಹೊಟ್ಟೆ ಬಂತು. ವಿಜಯದಶಮಿ ಮಾತ್ರ ತಪ್ಪಲಿಲ್ಲ. ಚಿಲಮತ್ತೂರಿನಿಂದ, ಕುಂದುರ್ಪಿಯಿಂದಲೂ ಜನ ಬಸ್ಸು ಹತ್ತಿ ಬರತೊಡಗಿದರು.

ಈ ನಡುವೆ ಕ್ಯಾಸೆಟ್ಟಿನ ಕಾಲ ಬಂತು. ಹಾರನ್ನುಗಳಿಗೆ ತುಕ್ಕು ಹಿಡಿಯಿತು, ಪ್ಲೇಟುಗಳು ಪೆಟ್ಟಿಗೆಯಲ್ಲೇ ಉಳಿದವು. ಯಾವ ಹಾಡು ಬೇಕೆಂದರೂ ಕ್ಯಾಸೆಟ್ಟಿನಲ್ಲಿ ಸಿಗುತ್ತಿತ್ತು, ಕೂಗಮ್ಮನೊಬ್ಬಳನ್ನು ಬಿಟ್ಟು. ಹೆಸರೇ ಗೊತ್ತಿಲ್ಲದ ಹಾಡನ್ನು ಯಾವ ಅಂಗಡಿಯಲ್ಲಿ ಏನೆಂದು ಕೇಳುವುದು? ಕಲ್ಯಾಣದುರ್ಗದಲ್ಲಿ ಕ್ಯಾಸೆಟ್ ಅಂಗಡಿ ಇಟ್ಟಿದ್ದ ಮುತ್ಯಾಲಪ್ಪನಿಗೆ ಅದೊಂದೇ ಕೊರಗು. ಕರಿಬಸಮ್ಮ ತವರಿಗೆ ಹೋದಾಗಲೆಲ್ಲ ಅಡ್ಡಹಾಕುತ್ತಿದ್ದ.

"ಏನಕ್ಕಯ್ಯ, ನಿಮ್ ಯಜಮಾನ್ರು ಆ ಪ್ಲೇಟ್ನ ಹೊಸಾ ಸೊಸೆ ತರ ಒಳಗೇ ಮಡಿಕ್ಕಂಡವ್ರೆ. ಒಂದ್ಸಾರಿ ಕ್ಯಾಸೆಟ್ಗೆ ತುಂಬಿಸ್ಕೊಳ್ಳೋಕೆ ಬಿಡಿ ಅಂತ ಹೇಳ್ಬಾರ್ದಾ?"

"ನೀನೇ ಹೇಳ್ಕೊಳಪ್ಪ. ನನ್ ಮಾತು ಕೇಳೋ ಹಂಗಿದ್ರೆ ಆವತ್ತೇ ಬೆಲ್ಲದಂಗಡಿ ಇಡಿಸ್ತಿದ್ದೆ."

ತಿಪ್ಪೇರುದ್ರಪ್ಪ ಜಪ್ಪಯ್ಯ ಎಂದರೂ ಒಪ್ಪಲಿಲ್ಲ. ತುಂಬಿಸಿದರೆ ನಾಳೆ ಬೀದಿಬೀದಿಯಲ್ಲಿ ಹಾಡುತ್ತದೆ, ಆಮೇಲೆ ಗೋಡೌನಿಗೆ ಯಾರು ಬರುತ್ತಾರೆ ಎಂಬುದು ಅವನ ಭಯ. ಹಾಗಾಗಿ ಆ ಒಂದು ಪ್ಲೇಟು ಬಿಟ್ಟರೆ ಕೂಗಮ್ಮ ಬೇರೆಲ್ಲೂ ಇರಲಿಲ್ಲ.

ತೊಂಬತ್ತೊಂದರ ಆಯುಧಪೂಜೆಯ ದಿನ ತಿಪ್ಪೇರುದ್ರಪ್ಪನಿಗೆ ಕಲ್ಯಾಣದುರ್ಗದಲ್ಲಿ ಕೆಲಸ ಬಿತ್ತು. ಅಂಗಡಿಯ ಪೂಜೆಯನ್ನು ಅಲ್ಲಿಯವರೆಗೂ ಅವನೇ ಮಾಡುತ್ತಿದ್ದ. ಪ್ಲೇಟಿನ ಪೆಟ್ಟಿಗೆಗೆ ಮುಚ್ಚಳದ ಮೇಲೆ ಒಂದು ಬೊಟ್ಟು, ಅಷ್ಟೇ. ಆ ವರ್ಷ ಕರಿಬಸಮ್ಮನ ಪಾಲಿಗೆ ಬಂತು. ಆಂಪ್ಲಿಫೈಯರಿಗೆ ವಿಭೂತಿ ಇಟ್ಟಳು, ಹಾರನ್ನಿಗೆ ಇಟ್ಟಳು, ಕತ್ತರಿ ಸ್ಕ್ರೂಡ್ರೈವರಿಗೂ ಇಟ್ಟಳು. ಪೆಟ್ಟಿಗೆಗೆ ಇಡುವಾಗ ಮನಸ್ಸು ಹಿಂದೆಗೆಯಿತು. ಇಷ್ಟು ವರ್ಷ ಅಂಗಡಿಗೆ ಹೆಸರು ತಂದವಳು ಒಳಗೆ ಕೂತಿರುವಾಗ ಮರದ ಮುಚ್ಚಳಕ್ಕೆ ಪೂಜೆ ಮಾಡಿದರೆ ಏನು ಬಂತು? ಪ್ಲೇಟನ್ನು ಹೊರಗೆ ತೆಗೆದು, ಮಣೆಯ ಮೇಲಿಟ್ಟು, ವಿಭೂತಿ ಗಟ್ಟಿಯನ್ನು ನೀರಿನಲ್ಲಿ ತೇದು, ಅದರ ಕಪ್ಪು ಮೈಮೇಲೆ ಮೂರು ಬೆರಳಿನಲ್ಲಿ ಅಡ್ಡಕ್ಕೆ ಎಳೆದಳು. ನಡುವೆ ಗಂಧ, ಕುಂಕುಮ. ಥೇಟು ಲಿಂಗದ ಹಾಗೆ ಕಾಣಿಸಿತು. ಅಡ್ಡಬಿದ್ದು ಕೈ ಮುಗಿದಳು.

ವಿಜಯದಶಮಿಯ ಬೆಳಿಗ್ಗೆ ಒರೆಸಲು ಹೋದರೆ ವಿಭೂತಿ ಒಣಗಿ ಗಟ್ಟಿಯಾಗಿತ್ತು. ಸೆರಗಿನಿಂದ ಉಜ್ಜಿದಷ್ಟೂ ಬಿಳಿಪುಡಿ ಪ್ಲೇಟಿನ ಗೆರೆಗೆರೆಯೊಳಗೆ ಇಳಿಯಿತು. ಮಿಷನ್ನಿನ ಮೇಲಿಟ್ಟು ಮುಳ್ಳು ಇಟ್ಟಳು. ಟಕ್, ಟಕ್, ಟಕ್. ಮುಳ್ಳು ಅಲ್ಲಲ್ಲೇ ಹಾರಿತು, ಆಮೇಲೆ ಕರ್ರೆಂದು ಜಾರಿ ನಡುವಿಗೆ ಬಂದು ನಿಂತಿತು. ಕೂಗಮ್ಮ ಬಾಯಿ ಬಿಡಲಿಲ್ಲ.

ಅಷ್ಟರಲ್ಲಿ ಗಂಡನ ದನಿ ಕೇಳಿಸಿತು. ಜೊತೆಯಲ್ಲಿ ಮುತ್ಯಾಲಪ್ಪ, ಕುಣಿತ ನೋಡಲು ಬಂದವನು, ಕಂಕುಳಲ್ಲಿ ಟೇಪ್‌ರೆಕಾರ್ಡರ್ ಬೇರೆ.

"ಅಕ್ಕಯ್ಯ, ಈ ವರ್ಷನಾದ್ರೂ ಯಜಮಾನ್ರ ಮನಸು ಕರಗುತ್ತೇನೋ ಅಂತ ಇದ್ನೂ ಹೊತ್ಕಂಡ್ ಬಂದ್ಬುಟ್ಟೆ" ಎಂದು ನಕ್ಕವನು ಅವಳ ಮುಖ ನೋಡಿ ಟೇಪ್‌ರೆಕಾರ್ಡರನ್ನು ಕೆಳಗಿಟ್ಟ.

ಕರಿಬಸಮ್ಮ ಪ್ಲೇಟನ್ನು ಎರಡೂ ಕೈಯಲ್ಲಿ ಹಿಡಿದು ಗಂಡನ ಮುಂದೆ ಚಾಚಿದಳು. "ಒಳ್ಳೇದಾಗ್ಲಿ ಅಂತ ಪೂಜೆ ಮಾಡ್ದೆ. ಅವ್ಳ ಬಾಯೇ ಕಟ್ಬುಟ್ಟೆ."

ಅವನು ಪ್ಲೇಟನ್ನು ಬೆಳಕಿಗೆ ಹಿಡಿದು ನೋಡಿದ. ಕಪ್ಪಿನಲ್ಲಿ ಬಿಳಿ ಎಳೆಗಳು ತಿರುಗಿ ತಿರುಗಿ ಹೋಗಿದ್ದವು. ಜಗಲಿಯ ಮೇಲೆ ಕುಕ್ಕರಿಸಿ ಕೂತುಬಿಟ್ಟ. ಬೈದಿದ್ದರೆ ಚೆನ್ನಾಗಿತ್ತು ಎನ್ನಿಸಿತು ಅವಳಿಗೆ.

"ಮಧ್ಯಾನಕ್ಕೆ ಎಲ್ರೂ ಬತ್ತಾರೆ" ಎಂದ ಕೊನೆಗೆ. "ಏನ್ ಹೇಳಾನ?"

ಪಕ್ಕದ ಮನೆಯ ಸರ್ವಮಂಗಳಮ್ಮ ಜರಿ ಸೀರೆ ಒಗೆದುಕೊಡುವವಳು, ಗೋಡೆಯ ಆಚೆಯಿಂದ ಎಲ್ಲ ಕೇಳಿಸಿಕೊಂಡು ಬಂದಳು. "ಒಬ್ರಿಗೊಬ್ರು ಮಕ ನೋಡ್ಕಂಡ್ ಕುಂತ್ರೆ ಹೋಯ್ತದಾ? ರೇಷ್ಮೆಗೆ ಮೆತ್ಕಂಡಿದ್ದನ್ನ ಏನ್ರಲ್ಲಿ ಬಿಡುಸ್ತೀವಿ? ಅಂಟವಾಳಕಾಯಿ ನೆನೆಸ್ಕೊಡ್ತೀನಿ ತಡಿ. ಬಿಸ್ನೀರ್ ಮುಟ್ಟುಸ್ಬೇಡಿ."

"ಹಾಳಾದ್ರೆ?" ಎಂದಳು ಕರಿಬಸಮ್ಮ.

"ಈಗೇನ್ ಉಳಿದೈತೆ ಹಾಳಾಗಾಕೆ? ಮಾಡಮ್ಮ ಸುಮ್ನೆ."

ಹಿತ್ತಲಿನ ಕಲ್ಲಿನ ಮೇಲೆ ಹಳೇ ಪಂಚೆ ಹಾಸಿ ಪ್ಲೇಟು ಮಲಗಿಸಿದರು. ಅಂಟವಾಳದ ನೊರೆಯಲ್ಲಿ ಮೆತ್ತನೆಯ ರೇಷ್ಮೆ ಎಳೆಯ ಉಂಡೆ ಅದ್ದಿ, ಎಳೆಗೂಸಿನ ತಲೆ ತೊಳೆಯುವ ಹಾಗೆ ಅವಳು ತೊಳೆದಳು. ಗೆರೆ ಹೋದ ದಾರಿಯಲ್ಲೇ ಸುತ್ತಿ ಸುತ್ತಿ. ಗಂಡ ಚೊಂಬಿನಿಂದ ನೀರು ಬಿಡುತ್ತಿದ್ದ. ಬಿಳಿನೀರು ಇಳಿಯಿತು, ಇನ್ನೂ ಇಳಿಯಿತು, ಆಮೇಲೆ ತಿಳಿಯಾಯಿತು. ನೆರಳಲ್ಲಿ ಒಣಗಿಸಿದರು. ಎಲ್ಲ ಹೋಯಿತೋ ಒಳಗೆ ಉಳಿಯಿತೋ ಕಣ್ಣಿಗೆ ಗೊತ್ತಾಗುವಂತಿರಲಿಲ್ಲ.

"ಹಾಕಿ ನೋಡಾನ?" ಎಂದಳು.

"ಬ್ಯಾಡ" ಎಂದ ತಿಪ್ಪೇರುದ್ರಪ್ಪ. ಮುತ್ಯಾಲಪ್ಪನ ಕಡೆ ತಿರುಗಿದ. "ಒಳಗೆ ಒಂದ್ ಕಣ ಇದ್ರೂ ಮುಳ್ಳು ಗೀಚುತ್ತೆ. ಹಾಡಿದ್ರೆ ಒಂದೇ ಸಲ ಹಾಡ್ತಾಳೋ ಏನೋ. ಗೋಡೌನಲ್ಲೇ ಹಾಕಾನ. ನೀನು ಟೇಪ್ ಇಟ್ಕ. ತುಂಬಿಸ್ಕ."

ಮುತ್ಯಾಲಪ್ಪ ಬಾಯಿ ತೆರೆದವನು ಮುಚ್ಚಲಿಲ್ಲ. "ನಿಜ್ವಾಗ್ಲಾ ಅಣ್ಣ?"

"ಕಂಡೋರು ಕದೀತಾರೆ ಅಂತ ಕಾದೆ. ಮನೇ ವಿಭೂತೀಲೇ ಹೋಗೋ ವಸ್ತು ಇದು, ನಂಗ್ ಹೊಳೀಲೇ ಇಲ್ಲ."

ಗೋಡೌನು ತುಂಬಿತ್ತು. ಬೂದಿ ಚೆಲ್ಲಿ ಎಲ್ಲರೂ ಕಾಲು ಸರಿಮಾಡಿಕೊಂಡು ನಿಂತಿದ್ದರು. ಮುತ್ಯಾಲಪ್ಪ ತಂದಿದ್ದ ವೈರಿನ ಪಿನ್ನು ಆಂಪ್ಲಿಫೈಯರಿಗೆ ಕೂರಲಿಲ್ಲ. ಟೇಪ್‌ರೆಕಾರ್ಡರನ್ನೇ ಸೌಂಡ್ ಬಾಕ್ಸಿನ ಎದುರು, ಕರಿಬಸಮ್ಮನ ಕಾಲ ಹತ್ತಿರ ಸ್ಟೂಲಿನ ಮೇಲಿಟ್ಟ. "ಯಾರೂ ಕೆಮ್ಬೇಡ್ರಪ್ಪ, ಉಸ್ರು ಕೂಡ ಮೆಲ್ಲಗೆ ಬಿಡಿ" ಎಂದು ಗುಂಡಿ ಒತ್ತಿದ.

ವಿಷಯ ಆಗಲೇ ಎಲ್ಲರಿಗೂ ಗೊತ್ತಾಗಿತ್ತು. ಕದಿರಣ್ಣ ಕೈ ಮುಗಿದುಕೊಂಡು ನಿಂತಿದ್ದ. ತಿಪ್ಪೇರುದ್ರಪ್ಪ ಮುಳ್ಳು ಇಳಿಸಿದ. ಸರಸರ ಎಂದಿತು. ಬೆಳಿಗ್ಗೆ ಹಾರಿದ್ದ ಜಾಗ ಇದೇ. ಕರಿಬಸಮ್ಮ ಕಣ್ಣು ಮುಚ್ಚಿಕೊಂಡಳು. ಏಟು ಬಿತ್ತು. ಇನ್ನೊಂದು. ಎಲ್ಲೂ ತಪ್ಪದೆ, ಲಾಳಿ ಬಡಿದ ಹಾಗೆ ಸಮನಾಗಿ ಬೀಳುತ್ತಾ ಹೋಯಿತು. ತಂತಿ ಬಂತು. ಪಿಟೀಲುಗಳು ಎದ್ದವು. ಅವಳ ಹೊಟ್ಟೆಯಲ್ಲಿ ಬೆಳಿಗ್ಗೆಯಿಂದ ಸಿಕ್ಕಿಕೊಂಡಿದ್ದ ಉಸಿರು ಒಮ್ಮೆಗೇ ಬಾಯಿಗೆ ಬಂದುಬಿಟ್ಟಿತು.

"ಬದುಕ್ದೆ ಕಣಪ್ಪೋ!"

ಅವಳು ಕೂಗಿದ್ದಕ್ಕೂ ಪ್ಲೇಟಿನೊಳಗಿನವಳು ಕೂಗಿದ್ದಕ್ಕೂ ಒಂದೇ ಏಟಿನ ಅಂತರ. ಗೋಡೌನು ಕುಣಿಯಿತು. ಬೂದಿ ಎದ್ದು ಮಾಡು ಮುಟ್ಟಿತು. ಮಾತು ಕಡಿಮೆಯ ತಿಪ್ಪೇರುದ್ರಪ್ಪ ಹೆಂಡತಿಯ ಕಡೆ ನೋಡಿ ಹಲ್ಲು ಬಿಟ್ಟು ನಗುತ್ತಿದ್ದ. ಹಾಡು ಕೊನೆಯವರೆಗೂ ಎಲ್ಲೂ ಎಡವಲಿಲ್ಲ. "ಇಂಕೋಸಾರಿ!" ಎಂದಾಗ ಎರಡನೆಯ ಸಲವೂ ಹಾಡಿತು, ಮೂರನೆಯ ಸಲವೂ ಹಾಡಿತು.

ಮುತ್ಯಾಲಪ್ಪ ಊರಿಗೆ ಹೋಗಿ ಕೇಳಿಸಿಕೊಂಡಾಗ ಕ್ಯಾಸೆಟ್ಟಿನಲ್ಲಿ ಕರಿಬಸಮ್ಮನ ಕೂಗೂ ಕೂತಿತ್ತು. ಮತ್ತೆ ಬಂದು ಸರಿಯಾಗಿ ತುಂಬಿಸಿಕೊಳ್ಳಬೇಕೆಂದು ಮೊದಲು ಅಂದುಕೊಂಡ. ಆದರೆ ಅಂಗಡಿಯಲ್ಲಿ ಕೇಳಿದವರೆಲ್ಲ ಅದೇ ಬೇಕೆಂದರು. ಆ ಕೂಗು ಬಿದ್ದರೇನೇ ಕಾಲು ಏಳುತ್ತದೆ ಎಂದರು. ಕ್ಯಾಸೆಟ್ಟು ಕುಂದುರ್ಪಿಗೆ ಹೋಯಿತು, ಚಿಲಮತ್ತೂರಿನ ಹೋಟೆಲುಗಳಿಗೆ ಹೋಯಿತು. ಗೋಡೌನಿಗೆ ಇನ್ನು ಯಾರು ಬರುತ್ತಾರೆ ಎಂದಿದ್ದ ತಿಪ್ಪೇರುದ್ರಪ್ಪ ಮುಂದಿನ ವಿಜಯದಶಮಿಗೆ ಅಮರೇಶಪ್ಪನನ್ನು ಕೇಳಿ ಪಕ್ಕದ ಗೋಡೌನಿನ ಬಾಗಿಲನ್ನೂ ತೆಗೆಸಬೇಕಾಯಿತು. ಟೇಪಿನ ಪುಟ್ಟ ಡಬ್ಬದಲ್ಲಿ ಕೇಳಿದವರಿಗೆಲ್ಲ ದೊಡ್ಡ ಬಾಕ್ಸಿನಲ್ಲಿ ಹೊಟ್ಟೆ ನಡುಗುವ ಹಾಗೆ ಕೇಳುವ ಆಸೆ. ಅವನ ಮುಖದ ಮೇಲಿದ್ದ ಕಾವಲುಗಾರನ ಕಳೆ ಎಲ್ಲಿಗೋ ಹೋಗಿ, ಹಾಡು ಹಾಕುವವನು ಮಾತ್ರ ಉಳಿದಿದ್ದ.

ಒಮ್ಮೆ ಕರಿಬಸಮ್ಮ ತವರಿಗೆ ಹೊರಟ ಬಸ್ಸಿನಲ್ಲಿ ಡ್ರೈವರು ಅದೇ ಕ್ಯಾಸೆಟ್ಟು ಹಾಕಿದ. ಏಟು ಶುರುವಾದಾಗ ಅವಳು ಸೆರಗು ಮುಖಕ್ಕೆ ಎಳೆದುಕೊಂಡು ಕಿಟಕಿಯ ಕಡೆ ತಿರುಗಿದಳು.

ಪಕ್ಕದಲ್ಲಿ ಕೂತಿದ್ದ ಕುಂದುರ್ಪಿಯ ಹೆಂಗಸೊಬ್ಬಳು ಮೊಣಕೈಯಲ್ಲಿ ತಿವಿದು, "ಕೇಳಮ್ಮ, ಈಗ್ ಬತ್ತದೆ ನೋಡು. ಆ ದೊರೆಸಾನಿ ನಮ್ ಭಾಷೇಲೂ ಒಂದ್ ಮಾತ್ ಆಡ್ತಾಳೆ!" ಎಂದಳು.

ಪಿಟೀಲುಗಳು ಎದ್ದವು. ಡ್ರೈವರು, ಕಂಡಕ್ಟರು, ಹಿಂದಿನ ಸೀಟಿನಲ್ಲಿ ಕುರಿಮರಿ ಹಿಡಿದುಕೊಂಡಿದ್ದವನು, ಎಲ್ಲರೂ ಒಟ್ಟಿಗೆ ಬಾಯಿ ತೆರೆದರು. ಕರಿಬಸಮ್ಮ ಸೆರಗು ಸರಿಸಿ, ಕಿಟಕಿಯ ಸರಳು ಹಿಡಿದುಕೊಂಡು, ಅವರೆಲ್ಲರಿಗಿಂತ ಜೋರಾಗಿ ಕೂಗಿದಳು.