ಮೊಲಕ್ಕೆ ಹಾಸಿದ ಹಗೇವಿನ ಹುಲ್ಲು

ಮನೆಯವರೆಲ್ಲ ನನ್ನನ್ನು ಅಂಜುಬುರುಕಿ ಅನ್ನುತ್ತಾರೆ. ಅನ್ನಲಿ. ಒಂದು ಹಿಡಿ ಹುಲ್ಲನ್ನು ಕೆನ್ನೆಗೆ ಒತ್ತಿ ನೋಡದೆ ನಾನು ಯಾವ ಪ್ರಾಣಿಯ ಕೆಳಗೂ ಹಾಸುವುದಿಲ್ಲ. ಮೊಮ್ಮಗಳು ಸಾಕಿರುವ ಮೊಲಗಳಿಗೆ ಈಗ ಅಂಗಡಿಯಿಂದ ಚೀಲಗಟ್ಟಲೆ ಹಾಸು ಬರುತ್ತದೆ. ಅದನ್ನೂ ಬಿಡುವುದಿಲ್ಲ. ಮೊದಲು ಕೈ ಹಾಕುತ್ತೇನೆ, ಆಮೇಲೆ ಮೂಸುತ್ತೇನೆ, ಆಮೇಲೆ ಕೆನ್ನೆಗೆ ಹಿಡಿಯುತ್ತೇನೆ. ಹುಡುಗಿ ಹೊಟ್ಟೆ ಹಿಡಿದುಕೊಂಡು ನಗುತ್ತಾಳೆ. ಅವಳಿಗೆ ಅರ್ಧ ಕಥೆ ಮಾತ್ರ ಗೊತ್ತು. ಉಳಿದ ಅರ್ಧ ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ.

ನಮ್ಮದು ಸಿಂಧನೂರಿನಿಂದ ಜವಳಗೇರಾ ಕಡೆಗೆ ಹೋಗುವ ದಾರಿಯಲ್ಲಿ ಒಂದು ಹಳ್ಳಿ. ಕಾಲುವೆಗೆ ನೀರು ಬಂದು ಎರಡು ವರ್ಷವಾಗಿತ್ತು, ನನಗೆ ಹತ್ತು ವರ್ಷವಾಗಿತ್ತು. ಅಕ್ಕನನ್ನು ಹಟ್ಟಿಯ ಗಣಿಯಲ್ಲಿ ಕೆಲಸ ಮಾಡುವವನಿಗೆ ಕೊಟ್ಟಿದ್ದರು. ಚೊಚ್ಚಲ ಹೆರಿಗೆಗೆ ಅವಳನ್ನು ಕರೆದುಕೊಂಡು ಬಂದ ಅವಳ ಗಂಡ, ನಮ್ಮ ಮಾವ, ಒಂದು ಕೈಯಲ್ಲಿ ಅವಳ ಟ್ರಂಕು, ಇನ್ನೊಂದು ಕೈಯಲ್ಲಿ ಮುಚ್ಚಿದ ಬುಟ್ಟಿ ಹಿಡಿದಿದ್ದ. ಲಿಂಗಸುಗೂರಿನಲ್ಲಿ ಒಮ್ಮೆ, ಮಸ್ಕಿಯಲ್ಲಿ ಒಮ್ಮೆ ಬಸ್ಸು ಬದಲಿಸುವಾಗಲೂ ಆ ಬುಟ್ಟಿಯನ್ನು ಅವನು ಮೇಲೆ ಹಾಕಗೊಡಲಿಲ್ಲವಂತೆ. ಅದರಲ್ಲಿ ಎರಡು ಬಿಳಿ ಮೊಲ ಇದ್ದವು, ಒಂದು ಗಂಡು, ಒಂದು ಹೆಣ್ಣು. ಕ್ವಾರ್ಟರ್ಸಿನ ಪಕ್ಕದ ಮನೆಯವರು ಕೊಟ್ಟದ್ದು. ಹೊಲದ ಕಂದು ಮೊಲವನ್ನಷ್ಟೇ ನೋಡಿದ್ದ ನಮ್ಮ ಓಣಿಯವರು ಬಂದು ಬಂದು ನೋಡಿ ಹೋದರು. ಮೊಲಗಳು ನನ್ನವು ಎಂದು ಮಾವ ಎಲ್ಲರೆದುರಿಗೆ ಹೇಳಿದ ಮೇಲೆ ಎರಡು ದಿನ ನನ್ನ ಕಾಲು ನೆಲದ ಮೇಲೆ ಇರಲಿಲ್ಲ.

ಹೊರಡುವಾಗ ಮಾವ, ಬಡಿಗ ಕಟ್ಟಿಗೆಗೆ ಹತ್ತರಿ ಹೊಡೆದಾಗ ಉದುರುವ ಹೊಟ್ಟು ಒಂದು ಚೀಲ ಕೊಟ್ಟ. "ಇದು ಎಂಟು ದಿನಕ್ಕ ಸಾಕು. ಆಮ್ಯಾಲ ನೀನ ಏನರ ನೋಡ್ಕೊ. ಒಣಾ ಇರಬೇಕು, ಮೆತ್ತಗಿರಬೇಕು, ವಾಸನಿ ಬರಬಾರದು. ಮೊಲ ಮಲಕ್ಕೊಂಡಿದ್ದನ್ನ ತಿಂತಾವು, ನೆಪ್ಪಿರಲಿ" ಎಂದ. ನೆನಪಿಟ್ಟೆ. ನೆನಪಿಟ್ಟದ್ದೇ ಆಮೇಲೆ ನನ್ನನ್ನು ಹೆಚ್ಚು ಸುಟ್ಟಿತು.

ಎಂಟು ದಿನ ಕಳೆದ ಮೇಲೆ ನನ್ನ ಪರದಾಟ ಶುರುವಾಯಿತು. ಹಳ್ಳದ ಉಸುಕು ಹಾಕಿದೆ. ಉಚ್ಚೆ ಕುಡಿದು ತಣ್ಣಗೆ ಗಟ್ಟಿಯಾಯಿತು. ಕಣದಲ್ಲಿ ಜೋಳ ತೂರಿದಾಗ ಹಾರುವ ಸುಂಕು ಹಾಕಿದೆ. ನನಗೇ ಮೈಯೆಲ್ಲ ತುರಿಕೆ ಹತ್ತಿತು, ಮೊಲಗಳ ಕಣ್ಣು ಕೆಂಪಾದವು. ಆಂಧ್ರದಿಂದ ಬಂದು ಕ್ಯಾಂಪ್ ಹಾಕಿಕೊಂಡಿದ್ದವರು ಭತ್ತ ಬೆಳೆಯುತ್ತಿದ್ದರಲ್ಲ, ಅವರಲ್ಲಿ ಕೇಳಿ ಭತ್ತದ ಹೊಟ್ಟು ತಂದೆ. ಅದರ ಮೊನೆ ಹೆಣ್ಣು ಮೊಲದ ಪಾದಕ್ಕೆ ಚುಚ್ಚಿ ರಕ್ತ ಬಂತು. ಹತ್ತಿ ಹಾಕಿದರೆ ಎರಡೂ ಅದನ್ನೇ ಜಗಿಯತೊಡಗಿದವು, ಬಾಯೊಳಗಿಂದ ಎಳೆದು ತೆಗೆಯಬೇಕಾಯಿತು. ಅಷ್ಟು ಸಣ್ಣ ಪ್ರಾಣಿಗೆ ಮಲಗಲು ಊರು ತುಂಬ ಹುಡುಕಿದರೂ ಒಂದು ಹಾಸಿಗೆ ಇಲ್ಲವೆ ಎಂದು ನನಗೆ ಅಳು ಬಂತು.

ಆ ಅಳುವಿಗೆ ಅಂಜಿಕೆ ಸೇರಿಸಿದವಳು ನಮ್ಮ ಅಜ್ಜಿ. ಒಂದು ಮಧ್ಯಾಹ್ನ ಹೆಣ್ಣು ಮೊಲದ ಹೊಟ್ಟೆಯ ಮೇಲೆ ಕೈಯಾಡಿಸಿ, "ಇದು ಗಬ್ಬಾ ಐತಿ ಬೇ. ಬರೋಬರಿ ನೋಡ್ಕೊ. ಮನ್ಯಾಗ ಬಸರಿ ಹೆಣ್ಮಗಳು ಅದಾಳ, ಈ ಹೊತ್ತಿನ್ಯಾಗ ಗಬ್ಬದ ಪ್ರಾಣಿ ಸತ್ರ ಚಲೋ ಅಲ್ಲ" ಎಂದಳು. ಯಾವ ಯೋಚನೆಯೂ ಇಲ್ಲದೆ, ಅಡಿಕೆ ಕತ್ತರಿಸುತ್ತ ಅಂದ ಮಾತು. ಹಿಂದಿನ ವರ್ಷ ಎದುರು ಮನೆಯ ಸೊಸೆ ಹೆರಿಗೆಯಲ್ಲಿ ತೀರಿಕೊಂಡದ್ದನ್ನು ಕಿಟಕಿಯಿಂದ ನೋಡಿದ್ದೆ. ಅಂದಿನಿಂದ ಅಕ್ಕನ ಪ್ರಾಣ ನಾನು ಹಾಸುವ ಹಾಸಿಗೆಯ ಮೇಲೆ ನಿಂತಿದೆ ಎಂದು ನಂಬಿಬಿಟ್ಟೆ. ದಿನಕ್ಕೆ ಹತ್ತು ಸಲ ಮೊಲದ ಪೆಟ್ಟಿಗೆ ನೋಡುವುದು, ಹತ್ತು ಸಲ ಅಕ್ಕನ ಮುಖ ನೋಡುವುದು, ಇದೇ ಕೆಲಸವಾಯಿತು.

ಅದೇ ವಾರ ಮನೆಯ ಮುಂದಿನ ಹಗೇವು ತೆಗೆದರು. ಹಗೇವು ಅಂದರೆ ನೆಲದೊಳಗೆ ತೋಡಿದ ಜೋಳದ ಕಣಜ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಒಳಗೆ ಹೊಟ್ಟೆ ಒಂದು ಕೋಣೆಯಷ್ಟು. ಗೋಡೆಗೆಲ್ಲ ಒಣಹುಲ್ಲು ಹಾಸಿ, ಜೋಳ ತುಂಬಿ, ಬಾಯಿಗೆ ಚಪ್ಪಡಿ ಇಟ್ಟು ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕಾಳು ಕೆಡುತ್ತಿರಲಿಲ್ಲ. ಅಪ್ಪನ ಅಜ್ಜ ತೋಡಿಸಿದ ಹಗೇವು ಅದು, ಒಂದು ದಿನವೂ ತೇವ ಕಂಡಿರಲಿಲ್ಲ. ಮಕ್ಕಳು ಮಾತ್ರ ಹತ್ತಿರ ಸುಳಿಯುವಂತಿಲ್ಲ. ಒಳಗೆ ನಿಲ್ಲುವ ಕೆಟ್ಟ ಗಾಳಿಗೆ ಝಳ ಅನ್ನುತ್ತಿದ್ದರು. ಝಳ ಹೊಡೆದರೆ ಮನುಷ್ಯ ಕೂಗಲೂ ಆಗದೆ ಕುಸಿಯುತ್ತಾನೆ ಎಂದು ಅವ್ವ ನನಗೆ ಬುದ್ಧಿ ಬಂದಾಗಿನಿಂದ ಹೇಳಿ ಹೆದರಿಸಿದ್ದಳು. ಅದಕ್ಕೇ ಇಳಿಯುವ ಮೊದಲು ಕಂದೀಲು ಕಟ್ಟಿ ಇಳಿಬಿಡುತ್ತಿದ್ದರು. ಕಂದೀಲು ಉರಿದರೆ ಇಳಿಯಬೇಕು, ಆರಿದರೆ ಇಳಿಯಬಾರದು.

ರವಿವಾರ ಕಂದೀಲು ಚೆನ್ನಾಗಿ ಉರಿಯಿತು. ಕಾಳು ಬಾಯಿಯವರೆಗೆ ತುಂಬಿದ್ದರಿಂದ ಅದು ಹೆಚ್ಚು ಕೆಳಗೆ ಹೋಗಲೂ ಇಲ್ಲ. ಅಪ್ಪನ ತಮ್ಮ, ನಮ್ಮ ಕಾಕಾ, ಒಳಗೆ ಕೂತು ಬುಟ್ಟಿ ಬುಟ್ಟಿ ಜೋಳ ಮೇಲೆ ಕೊಟ್ಟ. ಗೋಡೆಯ ಹುಲ್ಲನ್ನೂ ಕಿತ್ತು ಕಿತ್ತು ಎಸೆದ. ಅಪ್ಪ ಚೀಲ ಹೊರಲು ಅತ್ತ ತಿರುಗಿದಾಗ ನಾನು ಬೆಕ್ಕಿನ ಹೆಜ್ಜೆಯಲ್ಲಿ ಹೋಗಿ ಆ ಹುಲ್ಲನ್ನು ಎರಡು ಉಡಿ ತುಂಬಿಕೊಂಡು ಬಂದೆ. ಎಷ್ಟು ಮೆತ್ತಗಿತ್ತು! ಮತ್ತೆ, ಬಿಸಿ ಇತ್ತು. ಉಡಿಯೊಳಗಿಂದ ನನ್ನ ಹೊಟ್ಟೆಗೆ ಬೆಚ್ಚಗೆ ತಾಗುತ್ತಿತ್ತು. ಹುಳಿ ಬಂದ ಅಂಬಲಿಯ ವಾಸನೆಯೂ ಇತ್ತು. ವಾಸನೆ ಬರಬಾರದು ಎಂದ ಮಾವನ ಮಾತು ನೆನಪಾಯಿತು. ಆದರೆ ಅಕ್ಕನ ಬಾಣಂತನಕ್ಕೆ ಹೊರಸಿನ ಕೆಳಗೆ ಕೆಂಡ ಇಡಬೇಕೆಂದು ಅವ್ವ ಇದ್ದಿಲು ಕೂಡಿಸುತ್ತಿದ್ದಳು. ಬಾಣಂತಿಗೆ ಕಾವು ಬೇಕು ಎಂದು ಮನೆಯಲ್ಲಿ ದಿನಾ ಅದೇ ಮಾತು. ಹಾಗಾದರೆ ಗಬ್ಬದ ಮೊಲಕ್ಕೆ ತಾನಾಗಿಯೇ ಕಾಯುವ ಹುಲ್ಲಿಗಿಂತ ಒಳ್ಳೆಯದು ಇನ್ನೇನು? ಪೆಟ್ಟಿಗೆ ತುಂಬ ಹಾಸಿ, ಮೇಲೆ ಗೋಣಿತಟ್ಟು ಮುಚ್ಚಿ, ಬಹಳ ದಿನಗಳ ಮೇಲೆ ನೆಮ್ಮದಿಯಿಂದ ಉಂಡೆ.

ಮರುದಿನ ಸೋಮವಾರ. ಸೋಮವಾರ ಬಸವಣ್ಣನ ವಾರ, ನಮ್ಮಲ್ಲಿ ಎತ್ತು ಹೂಡುವುದಿಲ್ಲ. ಬಂಡಿ ಇಲ್ಲದ ಮೇಲೆ ಕಾಳು ಸಾಗಿಸುವುದಿಲ್ಲ. ಹಗೇವಿನ ಬಾಯಿಗೆ ಚಪ್ಪಡಿ ಎಳೆದಿಟ್ಟು ಎಲ್ಲರೂ ಸುಮ್ಮನಾದರು.

ಮೊಲಗಳೂ ಸುಮ್ಮನಾಗಿದ್ದವು. ಕುದುರೆಮಸಾಲೆ ಸೊಪ್ಪು ಹಿಡಿದರೆ ಮೂಗು ಆಡಿಸಲಿಲ್ಲ. ಗಂಡು ಮೊಲದ ಹೊಟ್ಟೆ ಬಿಗಿದುಕೊಂಡಿತ್ತು. ಹುಲ್ಲಿನ ಒಳಪದರದಲ್ಲಿ ಬಿಳಿ ಬೂಷ್ಟು, ನಡುನಡುವೆ ಮೊಳಕೆಯೊಡೆದ ಜೋಳ. ಅದನ್ನೇ ತಿಂದಿದ್ದವು. ಹುಲ್ಲನ್ನೆಲ್ಲ ತೆಗೆದು ಒಗೆಯೋಣವೆಂದರೆ, ಎಲ್ಲಿಂದ ತಂದೆ ಎಂದು ಕೇಳುತ್ತಾರೆ. ಹಗೇವಿನ ಹತ್ತಿರ ಹೋದದ್ದು ಗೊತ್ತಾದರೆ ಅಪ್ಪನ ಕೈಯಲ್ಲಿ ಬಾರುಕೋಲು. ಅರ್ಧ ಹುಲ್ಲು ತೆಗೆದು ಹಿತ್ತಲಲ್ಲಿ ಮುಚ್ಚಿದೆ, ಅರ್ಧ ಹಾಗೇ ಬಿಟ್ಟೆ. ಅಂಜಿದವರ ಕೆಲಸ ಯಾವಾಗಲೂ ಅರ್ಧವೇ. "ಮೊಲ ಹ್ಯಾಂಗ ಅದಾವ?" ಎಂದು ಅಕ್ಕ ಕೇಳಿದಾಗ "ಚಲೋ ಅದಾವ" ಎಂದೆ.

ಮಂಗಳವಾರ ಬೆಳಿಗ್ಗೆ ಗಂಡು ಮೊಲ ಸತ್ತಿತ್ತು. ಕಾಲು ಚಾಚಿ, ಹಲ್ಲು ಕಾಣುವಂತೆ. ಹೆಣ್ಣು ಒಂದು ಮೂಲೆಗೆ ಒತ್ತಿಕೊಂಡು ಜೋರುಜೋರಾಗಿ ಉಸಿರು ಬಿಡುತ್ತಿತ್ತು. ಗೋಣಿ ಎತ್ತಿದೊಡನೆ ಬಿಸಿ ಹುಳಿ ವಾಸನೆ ಮುಖಕ್ಕೆ ಬಡಿಯಿತು. ಗೋಣಿ ಮತ್ತೆ ಮುಚ್ಚಿ ಅಂಗಳಕ್ಕೆ ಬಂದೆ.

ಅಂಗಳದಲ್ಲಿ ಹಗೇವಿನ ಚಪ್ಪಡಿ ಸರಿಸಿದ್ದರು. ಬಂಡಿ ಹೂಡಿ ನಿಂತಿತ್ತು. ಕಾಕಾ ಚಹಾ ಕುಡಿಯುತ್ತ ಅಪ್ಪನಿಗೆ ಏನೋ ಚೇಷ್ಟೆ ಮಾಡುತ್ತಿದ್ದ. ಅಪ್ಪ ಕಂದೀಲು ತರಲೇನು ಎಂದು ಕೇಳಿದ. "ರವಿವಾರ ನೋಡೀವಲ್ಲೋ ಅಣ್ಣ, ಮತ್ಯಾಕ? ಬಿಸಲೇರೂದ್ರಾಗ ಜಲ್ದಿ ಮುಗಸೂಣು" ಎಂದ ಕಾಕಾ. ಅಷ್ಟು ವರ್ಷ ಮೋಸ ಮಾಡದ ಹಗೇವು, ಅಪ್ಪನೂ ಒಪ್ಪಿದ. ಕಾಕಾ ಅಂಗಿ ಬಿಚ್ಚಿ ಮಡಚಿದ, ಧೋತರ ಎತ್ತಿ ಕಟ್ಟಿದ, ಹಗೇವಿನ ಬಾಯಿಯ ಅಂಚಿಗೆ ಕೂತು ಕಾಲು ಇಳಿಬಿಟ್ಟ.

ಆಗ ಪಡಸಾಲೆಯಿಂದ ಅಕ್ಕ ನರಳಿದಳು. ಸೊಂಟ ಹಿಡಿದುಕೊಂಡು ಏಳುವಾಗ ದಿನಾ ನರಳುವಂಥದೇ ಒಂದು "ಯವ್ವಾ". ನನಗೆ ಹಾಗೆ ಕೇಳಲಿಲ್ಲ. ಶುರುವಾಯಿತು, ಅಕ್ಕ ಸಾಯುತ್ತಾಳೆ ಎಂದು ಕೇಳಿತು. ಗಂಟಲು ಹರಿಯುವಂತೆ ಚೀರಿದೆ:

"ಮೊಲ ಸತ್ತೈತಿ! ನಾನ ಕೊಂದೀನಿ! ಹಗೇದ ಹುಲ್ಲು ಹಾಸೀನಿ, ಅದು ಕಾಯಾಕತ್ತೈತಿ!"

ಅವ್ವ ಒಳಗಿಂದ ಓಡಿ ಬಂದು ಬೆನ್ನಿಗೆ ಎರಡು ಕೊಟ್ಟಳು. ಅಪ್ಪ ಅವಳ ಕೈ ಹಿಡಿದು ತಡೆದ. "ತಡಿ. ಏನಂದೀ? ಹುಲ್ಲು ಬಿಸಿ ಐತಾ?" ಎಂದು ಕೇಳಿದವನು ಉತ್ತರಕ್ಕೆ ಕಾಯದೆ ಪೆಟ್ಟಿಗೆಯ ಹತ್ತಿರ ಹೋದ. ಹುಲ್ಲಿನೊಳಗೆ ಮೊಣಕೈವರೆಗೆ ತೋಳು ತೂರಿಸಿದ. ಒಳಗಿನ ಕಾಳು ತೇವಕ್ಕೆ ಕೊಳೆತು ಕಾದರೆ ಝಳ ಕೂಡುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಓಡಿ ಬಂದು ಕಾಕಾನ ಎರಡೂ ಕಂಕುಳಿಗೆ ಕೈ ಹಾಕಿ ಮಗುವನ್ನು ಎಳೆದಂತೆ ಮೇಲಕ್ಕೆ ಎಳೆದ.

ಕಂದೀಲು ತಂದರು. ಹಗ್ಗ ಕಟ್ಟಿ ಇಳಿಬಿಟ್ಟರು. ಒಂದಾಳುದ್ದ ಇಳಿಯುವುದರೊಳಗೆ ದೀಪ ಆರಿತು. ಹಚ್ಚಿ ಮತ್ತೆ ಬಿಟ್ಟರು, ಮತ್ತೆ ಆರಿತು. ಮೂರನೆಯ ಸಲ ಅಪ್ಪ ಹಚ್ಚಲಿಲ್ಲ, ಹಗ್ಗ ಸುತ್ತಿ ಕಂದೀಲನ್ನು ಪಕ್ಕಕ್ಕಿಟ್ಟ. ಕಾಕಾ ನೆಲದ ಮೇಲೆ ಕೂತಿದ್ದ, ತನ್ನ ಕಾಲುಗಳನ್ನೇ ನೋಡುತ್ತಿದ್ದ.

ನಾಲ್ಕು ದಿನ ಹಗೇವಿನ ಬಾಯಿ ತೆರೆದಿಟ್ಟು, ಬೇವಿನ ಟೊಂಗೆ ಇಳಿಬಿಟ್ಟು ಬೀಸಿ, ದೀಪ ತಳದವರೆಗೆ ಉರಿದ ಮೇಲೆ ಇಳಿದರು. ಕೆಳಗಿನ ಜೋಳ ಕಪ್ಪಗೆ ಕೊಳೆತು ಮುದ್ದೆಯಾಗಿತ್ತು. ಗೋಡೆ ಜಿನುಗುತ್ತಿತ್ತು. ಮೂರು ಹೊಲದಾಚೆ ಹರಿಯುವ ಕಾಲುವೆ ಮಣ್ಣಿನೊಳಗಿಂದ ನಮ್ಮ ಅಂಗಳಕ್ಕೆ ಬಂದಿತ್ತು. ನೀರು ಬಂತೆಂದು ಕಾಯಿ ಒಡೆದವರು ನಾವು, ಅದು ಎಲ್ಲೆಲ್ಲಿಗೆ ಬರುತ್ತದೆ ಎಂದು ಯಾರೂ ಯೋಚಿಸಿರಲಿಲ್ಲ. ಆ ವರ್ಷವೇ ನಮ್ಮ ಹಗೇವು ಮುಚ್ಚಿದರು. ಆಮೇಲೆ ಊರಿನವು ಒಂದೊಂದಾಗಿ ಮುಚ್ಚಿದವು.

ಹೆಣ್ಣು ಮೊಲ ಬದುಕಿತು. ಅಜ್ಜಿ ಪೆಟ್ಟಿಗೆಯನ್ನು ಬಿಸಿನೀರಿನಲ್ಲಿ ತೊಳೆದು ಬಿಸಿಲಿಗೆ ಇಟ್ಟಳು. ನಾನು ಮಾಳಿಗೆಯ ಮೇಲೆ ಹೊಲದ ಬದುವಿನ ಹುಲ್ಲನ್ನು ಎರಡು ದಿನ ಮಗುಚಿ ಮಗುಚಿ ಒಣಗಿಸಿದೆ. ಅಜ್ಜಿ ಒಂದು ಹಿಡಿ ತೆಗೆದುಕೊಂಡು ಕೆನ್ನೆಗೆ ಒತ್ತಿ, "ಈಗ ಹಾಸು. ನೆಳ್ಳಾಗಿಟ್ಟ ಮ್ಯಾಲೂ ಬಿಸಿ ಇದ್ರ ಅದು ಹಾಸಿಗಿ ಅಲ್ಲ, ಬೆಂಕಿ" ಎಂದಳು. ಮೊಲ ತನ್ನ ಎದೆಯ ಕೂದಲನ್ನೇ ಕಿತ್ತು ಆ ಹುಲ್ಲಿನ ಮೇಲೆ ಹರಡಿ ಐದು ಮರಿ ಹಾಕಿತು. ಹನ್ನೊಂದು ದಿನಕ್ಕೆ ಅಕ್ಕನಿಗೆ ಹೆಣ್ಣು ಮಗು. ತಾಯಿ ಮಗು ಇಬ್ಬರೂ ಸುಖವಾಗಿದ್ದರು.

ಮೊಮ್ಮಗಳಿಗೆ ಗೊತ್ತಿರುವುದು ಇಷ್ಟು. ಕಾಕಾ ಹೇಳುತ್ತಿದ್ದ ಕಥೆಯೂ ಇಷ್ಟೇ. ಸಿಂಧನೂರಿನ ಸಂತೆಯಲ್ಲಿ, ಮದುವೆ ಮನೆಗಳಲ್ಲಿ, ನನ್ನನ್ನು ಮುಂದೆ ನಿಲ್ಲಿಸಿ, "ನನ್ನ ಜೀವಾ ಉಳಿಸಿದಾಕಿ ಈಕಿ" ಅನ್ನುತ್ತಿದ್ದ. ಹಬ್ಬಕ್ಕೆ ಎಲ್ಲರಿಗೂ ಒಂದು ಬೆಲ್ಲದುಂಡೆ ಕೊಟ್ಟರೆ ನನಗೆ ಎರಡು. ನಾನು ಎರಡನ್ನೂ ತಿನ್ನುತ್ತಿದ್ದೆ. ಅವನು ತೀರಿಕೊಳ್ಳುವ ಮುಂಚಿನ ವಾರವೂ ಆಸ್ಪತ್ರೆಯ ನರ್ಸಿಗೆ ಅದೇ ಕಥೆ ಹೇಳಿದ. ನಾನು ಪಕ್ಕದಲ್ಲೇ ಕೂತು ತಲೆಯಾಡಿಸಿದೆ.

ನಾನು ಹೇಳದೆ ಉಳಿಸಿಕೊಂಡದ್ದು ಬೇರೆ. ಆ ಬೆಳಿಗ್ಗೆ ಚಪ್ಪಡಿ ಸರಿಸಿದಾಗ ಹಗೇವಿನಿಂದ ಬಂದ ವಾಸನೆ, ಪೆಟ್ಟಿಗೆಯಿಂದ ಬಂದ ವಾಸನೆ ಎರಡೂ ಒಂದೇ ಎಂದು ನನಗೆ ಅಲ್ಲಿ ನಿಂತಾಗಲೇ ಗೊತ್ತಾಗಿತ್ತು. ಒಳಗೆ ಝಳ ಇದೆ ಎಂದೂ ಗೊತ್ತಾಗಿತ್ತು. ಕಾಕಾ ಚಹಾ ಮುಗಿಸಿದ, ನಾನು ಸುಮ್ಮನಿದ್ದೆ. ಧೋತರ ಕಟ್ಟಿದ, ಸುಮ್ಮನಿದ್ದೆ. ನನ್ನ ಕಣ್ಣು ಗೋಡೆಗೆ ನೇತುಹಾಕಿದ ಬಾರುಕೋಲಿನ ಮೇಲಿತ್ತು. ಅಕ್ಕ ನರಳದಿದ್ದರೆ ನಾನು ತುಟಿ ಬಿಚ್ಚುತ್ತಿರಲಿಲ್ಲ.

ಅಂಗಿ ಮಡಚಿದ ಕಾಕಾ ಅದನ್ನು ನನ್ನ ಕೈಗೇ ಕೊಟ್ಟಿದ್ದ. "ಹಿಡ್ಕೊ ತಾಯಿ, ಮಣ್ಣಾದೀತು" ಎಂದಿದ್ದ. ನಾನು ಅದನ್ನು ಹಿಡಿದುಕೊಂಡು ನಿಂತಿದ್ದೆ.