ಬೆಳ್ಳಮ್ಮನ ಹೆರಿಗೆ ಕೋಣೆ

ಬೆಳ್ಳಮ್ಮ ಹುಟ್ಟಿದ್ದು ಕಾಡಂಚಿನ ಆದಿವಾಸಿ ಹಾಡಿಯಲ್ಲಿ. ಚೊಚ್ಚಲ ಕೂಸು ಹೊಟ್ಟೆಯಲ್ಲೇ ಹೋದಾಗ ಗಂಡ ಕುಳ್ಳ ಅವಳನ್ನು ಎತ್ತಿನಗಾಡಿಯಲ್ಲಿ ಮಲಗಿಸಿಕೊಂಡು ಪಿರಿಯಾಪಟ್ಟಣದ ಹೊರವಲಯದ ಚರ್ಚಿನ ಆಸ್ಪತ್ರೆಗೆ ತಂದ. ಜೀವ ಉಳಿಯಿತು. ಗುಣವಾದ ಮೇಲೆ ಸಿಸ್ಟರುಗಳು ಹೋಗು ಅನ್ನಲಿಲ್ಲ, ಇವಳೂ ಹೋಗಲಿಲ್ಲ. ಅಲ್ಲೇ ಆಯಾ ಆದಳು. ಕುಳ್ಳನಿಗೂ ತೋಟದ ಕೆಲಸ ಸಿಕ್ಕಿತು. ಮುಂದೆ ಮಕ್ಕಳೂ ಆದವು.

ಎತ್ತರದ ಗೋಪುರದ ಚರ್ಚು, ಪಕ್ಕದಲ್ಲಿ ಶಾಲೆ, ಹಿಂದೆ ಹೆಂಚಿನ ಹೆರಿಗೆ ಆಸ್ಪತ್ರೆ. ಬೆಳಗಾದರೆ ಹಂಡೆಯಲ್ಲಿ ನೀರು ಕಾಯಿಸಿ, ಬಾಣಂತಿಯರಿಗೆ ಗಂಜಿ ಮಾಡುವುದು ಅವಳ ಪಾಲು. ಕೇರಳದ ಸಿಸ್ಟರ್ ಆಗ್ನೆಸ್ ಮಲಯಾಳ ಬೆರೆಸಿ ಮಾತಾಡುವ ಕನ್ನಡ ಅವಳಿಗೆ ಬೇಗ ರೂಢಿಯಾಯಿತು. ಬೈಲಕುಪ್ಪೆಯಿಂದ ಬರುತ್ತಿದ್ದ ಟಿಬೆಟಿನ ಹೆಂಗಸರಿಗೆ ಇಬ್ಬರ ಮಾತೂ ತಿಳಿಯದು. ಬೆಳ್ಳಮ್ಮ ಕೈ ಹಿಡಿದು ಕೂತರೆ ಸಾಕಾಗುತ್ತಿತ್ತು. ಹಾಡಿಯ ದೇವರ ಹಬ್ಬಕ್ಕೆ ರಜೆ ಕೇಳಿದರೆ ಸಿಸ್ಟರ್ ಬಾಳೆಹಣ್ಣು ಕೊಟ್ಟು ಕಳಿಸುತ್ತಿದ್ದರು.

ಕಾಲ ಕಳೆದು ಆಸ್ಪತ್ರೆ ಮುಚ್ಚಿತು. ಸಿಸ್ಟರ್ ತೀರಿಕೊಂಡರು, ಕುಳ್ಳನೂ ಹೋದ. ಕಳೆದ ವರ್ಷ ಪಾರಂಪರಿಕ ಕಟ್ಟಡವೆಂದು ಚರ್ಚಿನ ದುರಸ್ತಿ ಶುರುವಾಯಿತು. ಆಸ್ಪತ್ರೆ ಕೆಡವಿ ಕಾರು ನಿಲ್ಲಿಸಲು ಜಾಗ ಮಾಡುತ್ತಾರೆಂದು ಮೊಮ್ಮಗಳು ಸೌಂದರ್ಯ ಹೇಳಿದಳು. ಬೆಳ್ಳಮ್ಮ ಅವಳ ತೋಳು ಹಿಡಿದುಕೊಂಡು ಚರ್ಚಿಗೆ ಹೊರಟಳು.

“ಬ್ಯಾಡ ಅನ್ನಕ್ಕೆ ಬರ್ಲಿಲ್ಲ ಫಾದರ್. ಕೆಡವೋಕೆ ಮುಂಚೆ ಒಂದ್ಸಲ ಒಳಕ್ಕೋಗಿ ಬತ್ತೀನಿ,” ಎಂದಳು.

ಹೊಸದಾಗಿ ಬಂದಿದ್ದ ಫಾದರ್ ತಾವೇ ಬೀಗ ತೆಗೆದರು. ಒಡೆದ ಹೆಂಚಿನಿಂದ ಬಿಸಿಲು ಬೀಳುತ್ತಿತ್ತು. ಬೆಳ್ಳಮ್ಮ ಕಿಟಕಿಯ ಹತ್ತಿರ ನಿಂತು, “ಮಗೂನ ಒರೆಸಿ ಇಲ್ಲಿಗೆ ತತ್ತಿದ್ದೆ. ಆಚೆ ನಿಂತು ಕಾಯೋರ್ಗೆ ಇಲ್ಲಿಂದ್ಲೇ ತೋರಿಸ್ತಿದ್ದೆ,” ಎಂದಳು. 

“ಬೇರೆ ಧರ್ಮದೋರೂ ಬರ್ತಿದ್ರಾ ಅಮ್ಮ?” ಫಾದರ್ ಕೇಳಿದರು.

“ಅವರೇ ಜಾಸ್ತಿ ಕಣ್ರೀ. ಬ್ಯಾನೆ ಬಂದಾಗ ಯಾರ್ ಕೇಳ್ತಾರೆ?”

ಮುಂದಿನ ಭಾನುವಾರ ಪೂಜೆ ಮುಗಿದ ಮೇಲೆ ಫಾದರ್ ಈ ಮಾತನ್ನು ಎಲ್ಲರಿಗೂ ಹೇಳಿದರು. ಸುದ್ದಿ ಪೇಟೆಗೂ ಹಬ್ಬಿತು. ಅಲ್ಲಿ ಹುಟ್ಟಿದವರು, ಹೆತ್ತವರು ಒಬ್ಬೊಬ್ಬರಾಗಿ ಬಂದು ನೋಡಿಕೊಂಡು ಹೋದರು. ಕೆಡವಬೇಡಿ ಎಂದು ಕೇಳಿಕೊಂಡವರೇ ಹೆಚ್ಚು. ಹಿಂದಿನ ವಾರ್ಡುಗಳು ಹೋದವು. ಹೆರಿಗೆ ಕೋಣೆಯೂ ಅದರ ಜಗಲಿಯೂ ಉಳಿದು ಹೊಸ ಹೆಂಚು ಕಂಡವು.

ಬಾಗಿಲು ತೆರೆದ ದಿನ ಬೆಳ್ಳಮ್ಮನನ್ನು ಜಗಲಿಯಲ್ಲಿ ಕೂರಿಸಿದ್ದರು. ಬೀಜದಂಗಡಿಯ ನಂಜುಂಡೇಶ್ ಬಂದು ಕಾಲಿಗೆರಗಿದ.

“ನನ್ನ ಮೊದ್ಲು ಎತ್ಕೊಂಡೋರು ನೀವಂತೆ. ನಮ್ಮವ್ವ ಹೇಳ್ತಿರ್ತಾಳೆ.”

“ಎಷ್ಟೊಂದ್ ಮಕ್ಳು ಕಣಪ್ಪ. ನಿನ್ ಮಕ ಗ್ಯಾಪ್ನ ಇಲ್ಲ,” ಎಂದಳು ಬೆಳ್ಳಮ್ಮ. “ಅವ್ವ ಉಸಾರಾಗವ್ಳಾ?”

“ಅವ್ಳೆ. ಕರ್ಕೊಂಡ್ ಬಂದಿವ್ನಿ.”

ಬೆಳ್ಳಮ್ಮ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು.