ಗಾಜಿನ ಬಾಗಿಲ ಆಚೆ ನಿಂತು ಕಲಿಸಿದವಳು

ಬಿ.ಎಸ್ಸಿ. ಎರಡನೆಯ ವರ್ಷದ ಬೇಸಿಗೆ ರಜೆಯಲ್ಲಿ ನನಗೆ ಖಾರಘರದ ಒಂದು ಸಂಶೋಧನಾ ಸಂಸ್ಥೆಯಲ್ಲಿ ಇಂಟರ್ನ್‌ಶಿಪ್ ಸಿಕ್ಕಿತು. ಡೊಂಬಿವಲಿಯಿಂದ ಥಾಣೆಗೆ ಬಂದು ಪನವೇಲ್ ಲೋಕಲ್ ಹಿಡಿಯಬೇಕು. ಎಂಐಡಿಸಿಯ ಕಾರ್ಖಾನೆಗಳ ಪಕ್ಕದಲ್ಲೇ ಬೆಳೆದ ನನಗೆ ಕೆಮಿಕಲ್ ವಾಸನೆ ಹೊಸದಲ್ಲ. ಇಲ್ಲಿ ಕುಡಿದ ಹೊಗೆ ಸಾಲದೆಂದು ಅಷ್ಟು ದೂರ ಹೋಗುತ್ತಿದ್ದೀಯಾ ಎಂದು ಅಮ್ಮ ಗೊಣಗಿದಳು.

ಲ್ಯಾಬಿನ ಮುಖ್ಯಸ್ಥರಾದ ಸರ್ ನನ್ನನ್ನು ಅಲ್ಲಿ ಪಿಎಚ್.ಡಿ. ಮಾಡುತ್ತಿದ್ದ ಒಬ್ಬ ಸೀನಿಯರ್ ಕೈಗೆ ಒಪ್ಪಿಸಿದರು. ಮೂವತ್ತರ ಹತ್ತಿರದ ಹೆಂಗಸು, ಹಿಂದಿಯಲ್ಲಿ ಎರಡೇ ಮಾತು ಆಡಿ ಸುಮ್ಮನಾಗುವವಳು. ಔಷಧಿಗೆ ಬೇಕಾಗಬಹುದಾದ ಒಂದು ಹೊಸ ವಸ್ತುವನ್ನು ಹಂತಹಂತವಾಗಿ ಕಟ್ಟುವುದು ಅವಳ ಕೆಲಸ. ಕೊನೆಯ ಹಂತದಲ್ಲಿ ಪ್ರತಿಸಲವೂ ಫ್ಲಾಸ್ಕಿನ ತಳದಲ್ಲಿ ಡಾಂಬರಿನಂಥದ್ದೇ ಉಳಿಯುತ್ತಿತ್ತು. ನಾನು ಟಾಲ್ವೀನ್ ಎಂಬ ಘಾಟು ಸಾಲ್ವೆಂಟಿನ ಬಾಟಲಿಯ ಮುಚ್ಚಳ ತೆಗೆದರೆ ಸಾಕು, ಅವಳು ಎದ್ದು ಹೊರಗೆ ಹೋಗಿಬಿಡುತ್ತಿದ್ದಳು. ನನ್ನ ಕೆಲಸ ಹಿಡಿಸುತ್ತಿಲ್ಲವೇನೋ ಅಂದುಕೊಂಡೆ.

ಒಂದು ಮಧ್ಯಾಹ್ನ ನಾನು ಹೊರಗೆ ಬಂದಾಗ ಕಾರಿಡಾರಿನ ಕಿಟಕಿ ಬಳಿ ಅವಳು ಫೋನಿನಲ್ಲಿ ಮಾತಾಡುತ್ತಿದ್ದಳು. "ಯವ್ವಾ, ಇಲ್ಲಿ ಯಾರಿಗೂ ಹೇಳಿಲ್ಲ. ಈ ವಾಸನಿ ಬಂದ್ರ ಹೊಟ್ಟಿ ತೊಳಸ್ತದ. ಇನ್ನೂ ಮೂರು ತಿಂಗಳೂ ತುಂಬಿಲ್ಲ."

ನನ್ನ ಮುಖ ನೋಡಿದವಳೇ ಫೋನ್ ಇಟ್ಟಳು.

"ನಿನಗ ಕನ್ನಡ ತಿಳೀತದೇನು?"

"ಹೌದು ಅಕ್ಕ. ನಾವು ಉಡುಪಿ ಕಡೆಯವರು. ಮನೆಯಲ್ಲಿ ತುಳು, ಆದ್ರೆ ಕನ್ನಡ ಗೊತ್ತಾಗ್ತದೆ."

ತಾನು ಕಲಬುರಗಿಯವಳೆಂದು ಹೇಳಿ ಅವಳು ಅಲ್ಲೇ ಗೋಡೆಗೆ ಒರಗಿ ನಕ್ಕಳು. ಆಮೇಲೆ ಕಣ್ಣು ಒರೆಸಿಕೊಂಡಳು. "ಸರ್‌ಗ ಹೇಳಬ್ಯಾಡ ತಂಗಿ. ಈ ಕೆಲಸ ಬ್ಯಾರೇದವರಿಗೆ ಕೊಟ್ಟುಬಿಟ್ರ ನನ್ನ ನಾಲ್ಕು ವರ್ಷ ಹೋದಂಗ."

ಮರುದಿನದಿಂದ ಅವಳು ಲ್ಯಾಬಿನ ಗಾಜಿನ ಬಾಗಿಲ ಆಚೆ ನಿಲ್ಲತೊಡಗಿದಳು. ಒಳಗೆ ಕೈ ನನ್ನದು. ನಾನು ಫ್ಲಾಸ್ಕ್ ಎತ್ತಿ ತೋರಿಸುವುದು, ಅವಳು ಬೆರಳಿನಿಂದ 'ಇನ್ನೂ ನಿಧಾನ' ಎನ್ನುವುದು. ಗೊತ್ತಾಗದಿದ್ದರೆ ನಾನು ಹೊರಗೆ ಓಡಿ ಕೇಳಿ ಬರುತ್ತಿದ್ದೆ. ಪಕ್ಕದ ಬೆಂಚಿನವರು ಇದನ್ನು ಆಟವೆಂದುಕೊಂಡರು.

ಸರ್ ಹಾಗೆ ಅಂದುಕೊಳ್ಳಲಿಲ್ಲ. ಒಂದು ಬೆಳಿಗ್ಗೆ ಬಂದು, "ಇಂಟರ್ನ್ ಒಬ್ಬಳೇ ಯಾಕೆ ಕೆಲಸ ಮಾಡುತ್ತಿದ್ದಾಳೆ?" ಎಂದು ಹಿಂದಿಯಲ್ಲಿ ನನ್ನನ್ನೇ ಕೇಳಿದರು. ನಾನು ಬಾಗಿಲ ಕಡೆ ನೋಡಿದೆ. ಬಾಗಿಲು ತಳ್ಳಿಕೊಂಡು ಅಕ್ಕ ಒಳಗೆ ಬಂದಳು. ಮುಖ ನೆಲದ ಕಡೆ ಇಟ್ಟು, ತಾನು ಬಸುರಿ ಎಂದು ಎಲ್ಲರೆದುರೇ ಹೇಳಿದಳು.

ಸರ್ ಸಿಟ್ಟಾದರು, ಜೋರಾಗಿಯೇ. "ಇಷ್ಟು ದಿನ ಈ ಸಾಲ್ವೆಂಟ್‌ಗಳ ನಡುವೆ ಓಡಾಡಿದೆಯಾ? ಹುಚ್ಚೇ ನಿನಗೆ?" ಎಂದು ಹಿಂದಿಯಲ್ಲಿ ಕೂಗಿದವರು, ಉಸಿರು ತೆಗೆದುಕೊಂಡು, "ಕೆಲಸ ನಿನ್ನದೇ. ಯಾರೂ ಕಿತ್ತುಕೊಳ್ಳುವುದಿಲ್ಲ. ಮೊದಲು ಹೊರಗೆ ನಡೆ" ಎಂದರು. ಅಂದೇ ಅವಳ ಮೇಜು ಮೇಲಿನ ಮಹಡಿಯ ಓದುವ ಕೋಣೆಗೆ ಹೋಯಿತು. ನನ್ನ ಜೊತೆ ನಿಲ್ಲಲು ಇನ್ನೊಬ್ಬ ಸೀನಿಯರನ್ನು ಕೊಟ್ಟರು.

ಬಿಸಿ ಕಡಿಮೆ ಮಾಡಿ ನೋಡೋಣ ಎಂಬುದು ಅಕ್ಕನ ಯೋಚನೆ. ಐಸ್ ತುಂಬಿದ ಬೋಗುಣಿಯಲ್ಲಿ ಫ್ಲಾಸ್ಕ್ ಇಟ್ಟು ಕೊನೆಯ ಹಂತದ ದ್ರಾವಣವನ್ನು ಹನಿಹನಿಯಾಗಿ ಹಾಕಿದೆ. ಆ ಸಲ ಕಪ್ಪಾಗಲಿಲ್ಲ. ಜೇನಿನ ಬಣ್ಣದ ಅಂಟು ಎಣ್ಣೆಯೊಂದು ಉಳಿಯಿತು. ಯಂತ್ರದಲ್ಲಿ ಪರೀಕ್ಷೆಯಾಗಿ ಬಂದ ಗ್ರಾಫನ್ನು ನಾನು ಮೇಲಕ್ಕೆ ಒಯ್ದೆ. ಅವಳು ಸ್ಕೇಲ್ ಇಟ್ಟು ಒಂದೊಂದೇ ಗೆರೆ ನೋಡುತ್ತಾ ಹೋದಳು. ನನಗೆ ಕೂರಲಾಗಲಿಲ್ಲ.

"ಬಂತು ತಂಗಿ," ಎಂದಳು. "ಭಾಳ ಇಲ್ಲ, ಹೊಲಸೂ ಅದ. ಆದರ ಬಂತು."

ಮಳೆ ಹಿಡಿಯಿತು, ಕಾಲೇಜು ಶುರುವಾಯಿತು. ದೀಪಾವಳಿಗೆ ಮೊದಲು ಅವಳು ಹೆರಿಗೆಗೆ ತವರಿಗೆ ಹೊರಟಾಗ ಕಲ್ಯಾಣ ಸ್ಟೇಷನ್ನಿಗೆ ಹೋಗಿದ್ದೆ. ಕರೆದೊಯ್ಯಲು ಬಂದಿದ್ದ ಅವಳ ತಾಯಿ ನನ್ನ ಕೈ ಹಿಡಿದು ನೋಡಿದರು. "ಇದೇನವ್ವ, ಸುಟ್ಟುಕೊಂಡೀಯೇನು?"

"ಇಲ್ಲಮ್ಮ, ಕಾಲೇಜ್ ಲ್ಯಾಬಿನ ಕೆಮಿಕಲ್ ಕಲೆ ಅಷ್ಟೇ. ಹೋಗ್ತದೆ."

ಅವರು ಬುಟ್ಟಿ ಬಿಚ್ಚಿ ಶೇಂಗಾ ಹೋಳಿಗೆಯ ಪೊಟ್ಟಣ ಕೊಟ್ಟರು. ಅಕ್ಕನಿಗೆ ಹೆಣ್ಣು ಮಗು ಆಯಿತು. ಮಗಳು ನಡೆಯಲು ಕಲಿತ ಮೇಲೆ ಅವಳು ಖಾರಘರಕ್ಕೆ ಮರಳಿ ಉಳಿದದ್ದನ್ನು ಮುಗಿಸಿದಳು. ಆ ಎಣ್ಣೆಯನ್ನು ಶುದ್ಧ ಮಾಡಲು ಇನ್ನೂ ಒಂದು ವರ್ಷ ಹಿಡಿಯಿತಂತೆ. ಅಷ್ಟರಲ್ಲಿ ನಾನು ಎಂ.ಎಸ್ಸಿ. ಸೇರಿದ್ದೆ, ಆರ್ಗ್ಯಾನಿಕ್ ಕೆಮಿಸ್ಟ್ರಿಯನ್ನೇ ತೆಗೆದುಕೊಂಡಿದ್ದೆ. ಡಾಕ್ಟರೇಟ್ ಸಿಕ್ಕ ಸುದ್ದಿಯನ್ನು ಅವಳು ಫೋನಿನಲ್ಲಿ ಹೇಳುತ್ತಿದ್ದಾಗ ಹಿಂದಿನಿಂದ ಮಗಳು ಮರಾಠಿಯಲ್ಲಿ ಏನೋ ಹಟ ಮಾಡುತ್ತಿದ್ದಳು.